ಕಂಡದ್ದಕ್ಕೆ ಸಾಕ್ಷಿಯಿಲ್ಲದವಳು: ‘ಗ್ಯಾಸ್‌ಲೈಟ್’ (1944) ಚಿತ್ರದಲ್ಲಿ ಬೆಳಕು, ಶಬ್ದ ಮತ್ತು ಮಾತು

ಸಾರಾಂಶ

ಜಾರ್ಜ್ ಕ್ಯೂಕರ್ ನಿರ್ದೇಶನದ ‘ಗ್ಯಾಸ್‌ಲೈಟ್’ ಚಿತ್ರದ ಹೆಸರು ಇಂದು ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿದೆ. ಕನ್ನಡದ ಮಾತಿನಲ್ಲಿಯೂ ಅದು ‘ಮಾಡು’ ಧಾತುವನ್ನು ಜೊತೆಗೂಡಿಸಿಕೊಂಡು ಬಳಕೆಯಾಗುತ್ತಿದೆ. ದಬ್ಬಾಳಿಕೆಯ ದಾಂಪತ್ಯದಲ್ಲಿ ಸಿಲುಕಿದ ಹೆಣ್ಣಿನ ಒಂಟಿತನವನ್ನು ಈ ಚಿತ್ರವು ಯಾವ ತಂತ್ರಗಳಿಂದ ಕಟ್ಟುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಪೌಲಾಳ ಒಂಟಿತನವು ಮೂಲತಃ ಸಾಕ್ಷ್ಯದ ಒಂಟಿತನ, ಅಂದರೆ ತಾನು ಕಂಡದ್ದನ್ನು ‘ಹೌದು’ ಎನ್ನುವ ಇನ್ನೊಬ್ಬರು ಇಲ್ಲದ ಸ್ಥಿತಿ ಎಂಬುದು ನಮ್ಮ ವಾದ. ಕನ್ನಡದ ಸಂಪ್ರದಾನ ಕರ್ತೃ ರಚನೆ ಹಾಗೂ ‘ಅಂತೆ’ ಪ್ರತ್ಯಯಗಳ ನೆರವಿನಿಂದ ಈ ಸ್ಥಿತಿಯನ್ನು ವಿವರಿಸಿ, ಪದದ ಇಂದಿನ ಸಡಿಲ ಬಳಕೆಯಿಂದ ಏನು ಕೈತಪ್ಪುತ್ತಿದೆ ಎಂಬುದನ್ನು ಗುರುತಿಸಲು ಯತ್ನಿಸಿದ್ದೇವೆ.

ಪ್ರಮುಖ ಪದಗಳು: ಸಿನಿಮಾ ಭಾಷೆ, ಸಾಕ್ಷ್ಯಸೂಚಕತೆ, ಪೂರ್ವಗೃಹೀತ, ಸಂಪ್ರದಾನ ಕರ್ತೃ, ದಾಂಪತ್ಯ, ಎರವಲು ಪದ

1. ಪೀಠಿಕೆ

ಚಲನಚಿತ್ರವೊಂದರ ಹೆಸರು ಭಾಷೆಯ ಸಾಮಾನ್ಯ ಪದಕೋಶವನ್ನು ಸೇರುವುದು ಅಪರೂಪ. ಅದು ಕ್ರಿಯಾಪದವಾಗಿ ಸೇರುವುದು ಇನ್ನೂ ಅಪರೂಪ. ಅಮೆರಿಕನ್ ಡಯಲೆಕ್ಟ್ ಸೊಸೈಟಿಯು 2016ರ ಅತ್ಯಂತ ಉಪಯುಕ್ತ ಪದವಾಗಿ ‘ಗ್ಯಾಸ್‌ಲೈಟ್’ ಕ್ರಿಯಾಪದವನ್ನು ಆರಿಸಿತು. 2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಗ್ಯಾಸ್‌ಲೈಟಿಂಗ್’ ಎಂಬುದನ್ನು ವರ್ಷದ ಪದವೆಂದು ಘೋಷಿಸಿತು. ಈ ನಡುವೆ ಪದವು ದಾಂಪತ್ಯದ ಆವರಣದಿಂದ ಹೊರಬಂದು ರಾಜಕಾರಣ, ಕಚೇರಿ, ಸ್ನೇಹ, ಜಾಹೀರಾತು ಮುಂತಾದ ಕ್ಷೇತ್ರಗಳಿಗೆಲ್ಲ ಹರಡಿಕೊಂಡಿದೆ. ಯಾರಾದರೂ ಸುಳ್ಳು ಹೇಳಿದರೆ, ನಮ್ಮ ಅಭಿಪ್ರಾಯವನ್ನು ಒಪ್ಪದಿದ್ದರೆ, ಕೊಟ್ಟ ಮಾತನ್ನು ಅಲ್ಲಗಳೆದರೆ ಅದನ್ನೆಲ್ಲ ಈ ಒಂದೇ ಪದದಿಂದ ಕರೆಯುವ ರೂಢಿ ಬೆಳೆದಿದೆ.

ಅರ್ಥವಿಸ್ತಾರವು ಭಾಷೆಯ ಸಹಜ ವ್ಯಾಪಾರ. ಅದನ್ನು ತಡೆಯುವುದು ಭಾಷಾವಿಜ್ಞಾನಿಯ ಕೆಲಸವಲ್ಲ. ಆದರೆ ವಿಸ್ತಾರಗೊಂಡ ಪದವು ತನ್ನ ಮೂಲದ ಖಚಿತತೆಯನ್ನು ಕಳೆದುಕೊಂಡಾಗ ಅದರಿಂದ ಯಾರಿಗೆ ನಷ್ಟ ಎಂದು ಕೇಳುವುದು ವಿಮರ್ಶೆಯ ಕೆಲಸ. ಈ ಪದದ ಅಗತ್ಯ ಅತ್ಯಂತ ಹೆಚ್ಚಾಗಿರುವುದು, ಮನೆಯ ನಾಲ್ಕು ಗೋಡೆಗಳ ನಡುವೆ ತನ್ನ ಕಣ್ಣನ್ನೇ ನಂಬಲಾಗದ ಸ್ಥಿತಿಗೆ ತಳ್ಳಲ್ಪಟ್ಟ ಹೆಣ್ಣಿಗೆ. ಆಕೆಯ ಸ್ಥಿತಿ ಎಂಥದ್ದು ಎಂಬುದನ್ನು ನಿಘಂಟಿನ ವ್ಯಾಖ್ಯಾನಕ್ಕಿಂತ ಹೆಚ್ಚು ಖಚಿತವಾಗಿ ತೋರಿಸಿಕೊಟ್ಟದ್ದು ಚಿತ್ರದ ತಂತ್ರಗಳು. ಆದ್ದರಿಂದ ನಾವು ಪದವನ್ನು ಬದಿಗಿರಿಸಿ ಮೊದಲು ಚಿತ್ರವನ್ನು ಓದುತ್ತೇವೆ. ಬಳಿಕ ಕನ್ನಡದ ವ್ಯಾಕರಣದ ಬೆಳಕಿನಲ್ಲಿ ಪದಕ್ಕೆ ಮರಳುತ್ತೇವೆ.

2. ನಾಟಕದಿಂದ ಚಿತ್ರಕ್ಕೆ

ಕಥೆಯ ಮೂಲ ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ರಚಿಸಿದ ನಾಟಕ. ಅದನ್ನಾಧರಿಸಿ 1940ರಲ್ಲಿ ಬ್ರಿಟನ್ನಿನಲ್ಲಿ ಥೊರೊಲ್ಡ್ ಡಿಕಿನ್‌ಸನ್ ಒಂದು ಚಿತ್ರವನ್ನು ನಿರ್ದೇಶಿಸಿದರು. 1944ರಲ್ಲಿ ಹಾಲಿವುಡ್ಡಿನ ಎಂಜಿಎಂ ಸಂಸ್ಥೆಗಾಗಿ ಕ್ಯೂಕರ್ ನಿರ್ದೇಶಿಸಿದ ಚಿತ್ರವೇ ಹೆಚ್ಚು ಪ್ರಸಿದ್ಧವಾದುದು. ಅದರ ಪೌಲಾ ಪಾತ್ರಕ್ಕಾಗಿ ಇಂಗ್ರಿಡ್ ಬರ್ಗ್‌ಮನ್ ಶ್ರೇಷ್ಠ ನಟಿ ಆಸ್ಕರ್ ಪಡೆದರು. ಗಂಡ ಗ್ರೆಗರಿಯ ಪಾತ್ರದಲ್ಲಿ ಚಾರ್ಲ್ಸ್ ಬೋಯೆ, ಪತ್ತೇದಾರ ಬ್ರಯನ್ ಕ್ಯಾಮೆರಾನ್ ಪಾತ್ರದಲ್ಲಿ ಜೋಸೆಫ್ ಕಾಟನ್, ಸೇವಕಿ ನ್ಯಾನ್ಸಿಯಾಗಿ ಏಂಜೆಲಾ ಲ್ಯಾನ್ಸ್‌ಬರಿ ನಟಿಸಿದ್ದಾರೆ. ಚಿತ್ರಕ್ಕೆ ದೊರೆತ ಎರಡನೆಯ ಆಸ್ಕರ್ ಕಲಾ ನಿರ್ದೇಶನದ್ದು. ಮನೆಯೇ ಪಾತ್ರವಾಗುವ ಈ ಕಥೆಗೆ ಆ ಪುರಸ್ಕಾರ ಒಪ್ಪುವಂಥದ್ದು.

ನಾಟಕವು ಒಂದೇ ಕೋಣೆಯಲ್ಲಿ, ಒಂದೇ ಸಂಜೆಯಲ್ಲಿ ನಡೆಯುತ್ತದೆ. ಪರದೆ ಮೇಲೇಳುವ ಹೊತ್ತಿಗೆ ಹೆಂಡತಿ ಆಗಲೇ ಕಂಗೆಟ್ಟಿರುತ್ತಾಳೆ. ಕ್ಯೂಕರ್‌ನ ಚಿತ್ರವು ಇದಕ್ಕೆ ಒಂದು ಪೂರ್ವಕಾಲವನ್ನು ಸೇರಿಸುತ್ತದೆ. ಲಂಡನ್ನಿನ ಥಾರ್ನ್‌ಟನ್ ಚೌಕದ ಮನೆಯಲ್ಲಿ ಪ್ರಸಿದ್ಧ ಗಾಯಕಿ ಆಲಿಸ್ ಆಲ್‌ಕ್ವಿಸ್ಟಳ ಕೊಲೆಯಾಗಿದೆ. ಆಕೆಯ ಆಶ್ರಯದಲ್ಲಿದ್ದ ಸೋದರಸೊಸೆ ಪೌಲಾಳನ್ನು ರಾತ್ರಿಯ ಮಂಜಿನಲ್ಲಿ ಗಾಡಿ ಹತ್ತಿಸಿ ಇಟಲಿಗೆ ಕಳುಹಿಸುತ್ತಾರೆ. ಹಿಂದಿರುಗಿ ನೋಡಬೇಡ, ಇಲ್ಲಿ ನಡೆದುದನ್ನೆಲ್ಲ ಮರೆತುಬಿಡು ಎಂಬುದು ಆಕೆಗೆ ಸಿಗುವ ಬುದ್ಧಿವಾದ. ಮುಂದೆ ಇಟಲಿಯಲ್ಲಿ ಸಂಗೀತ ಕಲಿಯುತ್ತಿರುವ ಪೌಲಾ, ಪಿಯಾನೊ ನುಡಿಸುವ ಗ್ರೆಗರಿಯನ್ನು ಮೆಚ್ಚಿ ಮದುವೆಯಾಗುತ್ತಾಳೆ. ಅವನ ಆಸೆಯಂತೆ ಅದೇ ಮನೆಗೆ ಮರಳುತ್ತಾಳೆ. ಹಾಡು ಅಲ್ಲಿಗೆ ನಿಲ್ಲುತ್ತದೆ.

ಈ ಪೂರ್ವಕಾಲದಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದು, ಪೌಲಾ ಹುಟ್ಟಿನಿಂದ ದುರ್ಬಲ ಮನಸ್ಸಿನವಳಲ್ಲ ಎಂಬುದನ್ನು ಪ್ರೇಕ್ಷಕರು ತಾವೇ ಕಂಡಿರುತ್ತಾರೆ. ಗಂಡನು ಮುಂದೆ ಆಡುವ ಮಾತನ್ನು ಅಳೆಯಲು ಅವರ ಬಳಿ ಒಂದು ಅಳತೆಗೋಲಿರುತ್ತದೆ. ಎರಡನೆಯದು, ‘ಮರೆ’ ಎಂಬ ಕ್ರಿಯೆಯು ಕಥೆಯ ಆರಂಭದಲ್ಲಿಯೇ ವಿಧಿರೂಪದಲ್ಲಿ ಬರುತ್ತದೆ. ಅದೇ ಕ್ರಿಯೆ ಮುಂದೆ ಆರೋಪವಾಗಿ ಮರಳುತ್ತದೆ.

3. ಕಳೆದುಹೋಗುವ ವಸ್ತುಗಳು ಮತ್ತು ಮರೆವಿನ ವ್ಯಾಕರಣ

ಗ್ರೆಗರಿಯು ಪೌಲಾಳನ್ನು ಸೋಲಿಸುವುದು ಸಣ್ಣ ವಸ್ತುಗಳ ಮೂಲಕ. ಒಂದು ಬ್ರೂಚನ್ನು ಉಡುಗೊರೆಯಾಗಿ ಕೊಟ್ಟು, ನೀನು ಕಳೆದುಬಿಡುತ್ತೀಯೆ ಎಂದು ಎಚ್ಚರಿಸಿ, ತಾನೇ ಆಕೆಯ ಕೈಚೀಲದೊಳಗೆ ಇಡುವಂತೆ ತೋರುತ್ತಾನೆ. ಲಂಡನ್ ಗೋಪುರವನ್ನು ನೋಡಲು ಹೋದಾಗ ಚೀಲದಲ್ಲಿ ಅದು ಇರುವುದಿಲ್ಲ. ಗೋಡೆಯ ಮೇಲಿನ ಚಿತ್ರಪಟವೊಂದು ಕಾಣೆಯಾಗುತ್ತದೆ. ಸಂಗೀತ ಕೂಟವೊಂದರಲ್ಲಿ ಅವನ ಗಡಿಯಾರ ಕಾಣೆಯಾಗಿ ಆಕೆಯ ಚೀಲದಲ್ಲಿ ಸಿಗುತ್ತದೆ.

ಚಿತ್ರಪಟದ ಪ್ರಸಂಗವನ್ನು ಹತ್ತಿರದಿಂದ ನೋಡೋಣ. ಆ ಸಂಜೆ ನಾಟಕಕ್ಕೆ ಹೋಗೋಣ ಎಂದು ಗ್ರೆಗರಿ ಹೇಳಿರುತ್ತಾನೆ. ಅವನು ಪಿಯಾನೊ ನುಡಿಸುತ್ತಿರುವಾಗ ಪೌಲಾ ಸಂತೋಷದಿಂದ ಕೋಣೆಯ ತುಂಬ ತಿರುಗುತ್ತ ಕುಣಿಯುತ್ತಾಳೆ. ಸಂಗೀತ ನಿಲ್ಲುತ್ತದೆ. ಅವನ ದೃಷ್ಟಿ ಗೋಡೆಯ ಖಾಲಿ ಜಾಗದ ಮೇಲೆ ನೆಟ್ಟಿರುತ್ತದೆ. ಮುಂದಿನದು ನ್ಯಾಯಾಲಯದ ವಿಚಾರಣೆಯಂತಿದೆ. ಸೇವಕಿಯರನ್ನು ಕರೆಸಿ ಬೈಬಲ್ ಸಾಕ್ಷಿಯಾಗಿ ಪ್ರಮಾಣ ಮಾಡಿಸುತ್ತಾನೆ. ಅವರು ತೆಗೆದಿಲ್ಲ, ತಾನು ತೆಗೆದಿಲ್ಲ, ಉಳಿದವಳು ನೀನು. ಚಿತ್ರಪಟವನ್ನು ಹುಡುಕಿ ತೆಗೆಯುವಳೂ ಪೌಲಾಳೇ. ಹಿಂದೆಯೂ ಅದು ಅಲ್ಲಿಯೇ ಸಿಕ್ಕಿತ್ತಾದ್ದರಿಂದ ಅಲ್ಲಿ ನೋಡಿದೆ ಎಂಬುದು ಆಕೆಯ ಉತ್ತರ. ನಿರಪರಾಧಿಯ ಸಹಜ ಊಹೆಯು ಅಪರಾಧದ ಪುರಾವೆಯಾಗಿ ತಿರುಗುತ್ತದೆ.

ಇಲ್ಲಿ ಗಂಡನ ಮಾತಿನ ಬಲವಿರುವುದು ಅದರ ಪೂರ್ವಗೃಹೀತದಲ್ಲಿ. ‘ಮರೆ’ ಎಂಬ ಕ್ರಿಯೆಯ ಸ್ವಭಾವವನ್ನು ಗಮನಿಸಬೇಕು. ‘ನೀನು ಪಟವನ್ನು ತೆಗೆದೆ’ ಎಂಬುದು ನೇರ ಆರೋಪ. ಅದನ್ನು ‘ತೆಗೆಯಲಿಲ್ಲ’ ಎಂದು ನಿರಾಕರಿಸಬಹುದು. ‘ನೀನು ಪಟವನ್ನು ತೆಗೆದುದನ್ನು ಮರೆತಿದ್ದೀಯೆ’ ಎಂಬ ವಾಕ್ಯದಲ್ಲಿ ತೆಗೆದ ಸಂಗತಿಯು ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ, ಒಪ್ಪಿತವಾದ ನೆಲೆಯಾಗಿಬಿಡುತ್ತದೆ. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ‘ಮರೆತಿಲ್ಲ’ ಎಂದರೂ ತೆಗೆದ ಸಂಗತಿ ಹಾಗೆಯೇ ನಿಲ್ಲುತ್ತದೆ. ಪ್ರಶ್ನೆಯಾಗಿಸಿ ‘ಮರೆತೆಯಾ?’ ಎಂದರೂ ಅಷ್ಟೇ. ಪೌಲಾ ‘ನನಗೆ ನೆನಪಿಲ್ಲ’ ಎಂದು ಉತ್ತರಿಸಿದೊಡನೆ, ತನಗೆ ಅರಿವಿಲ್ಲದೆಯೇ, ನೆನಪಿರಬೇಕಾದ ಒಂದು ಕೃತ್ಯ ನಡೆದಿತ್ತೆಂದು ಒಪ್ಪಿದಂತಾಗುತ್ತದೆ. ಇನ್ನು ಮುಂದೆ ಆಕೆಯ ಸಮರ್ಥನೆಯ ಪ್ರತಿಯೊಂದು ಮಾತೂ ಆರೋಪವನ್ನೇ ಗಟ್ಟಿಗೊಳಿಸುತ್ತದೆ.

ಈ ವಸ್ತುಗಳ ಪ್ರಸಂಗಗಳಲ್ಲಿ ಪ್ರೇಕ್ಷಕರು ಕೂಡ ಪೂರ್ಣ ಸಾಕ್ಷಿಗಳಲ್ಲ. ಗ್ರೆಗರಿಯ ಮೇಲೆ ಬಲವಾದ ಅನುಮಾನ ಅವರಲ್ಲಿ ಮೂಡಿರುತ್ತದೆ. ಆದರೂ ವಸ್ತು ಜಾಗ ಬದಲಿಸಿದ ಕ್ಷಣ ಯಾರ ಕಣ್ಣೆದುರೂ ನಡೆದಿರುವುದಿಲ್ಲ. ನೆನಪು ಎಂಬುದು ಹೀಗೆ ವಾದಕ್ಕೆ ಒಳಗಾಗಬಲ್ಲ ಸಾಕ್ಷ್ಯ. ಆದ್ದರಿಂದ ಗ್ರೆಗರಿಯು ಮೊದಲು ದಾಳಿ ಮಾಡುವುದು ನೆನಪಿನ ಮೇಲೆ. ಪ್ರತ್ಯಕ್ಷದ ಸರದಿ ಆಮೇಲಿನದು.

4. ಮಂಕಾಗುವ ದೀಪ, ತಲೆಯ ಮೇಲಿನ ಹೆಜ್ಜೆ

ಪ್ರತಿ ರಾತ್ರಿ ಗ್ರೆಗರಿಯು ಕೆಲಸದ ನೆಪದಲ್ಲಿ ಹೊರಹೋದ ಬಳಿಕ ಪೌಲಾಳ ಕೋಣೆಯ ಅನಿಲದೀಪ ತಾನಾಗಿ ಕುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಮಾಳಿಗೆಯ ಕಡೆಯಿಂದ ಹೆಜ್ಜೆಯ ಸದ್ದು ಕೇಳಿಬರುತ್ತದೆ. ಮನೆಯ ದೀಪಗಳಿಗೆಲ್ಲ ಒಂದೇ ಕೊಳವೆಜಾಲದ ಅನಿಲ. ಒಂದೆಡೆ ಹೊಸದಾಗಿ ದೀಪ ಹೊತ್ತಿಸಿದರೆ ಇನ್ನೊಂದೆಡೆಯ ಜ್ವಾಲೆಗೆ ಒತ್ತಡ ಕಡಿಮೆಯಾಗುತ್ತದೆ. ಖಾಲಿ ಮನೆಯೊಂದರ ಮೂಲಕ ಗ್ರೆಗರಿಯೇ ಮಾಳಿಗೆಯನ್ನು ಹೊಕ್ಕು, ಅಲ್ಲಿ ದೀಪ ಹಚ್ಚಿ, ಕೊಲೆಯಾದ ಗಾಯಕಿಯ ರತ್ನಗಳಿಗಾಗಿ ಹುಡುಕಾಡುತ್ತಿರುತ್ತಾನೆ. ಕಾರಣ ಇಷ್ಟು ಸರಳವಾಗಿದೆ. ಪೌಲಾಳಿಗೆ ಮಾತ್ರ ಅದು ತಿಳಿದಿಲ್ಲ.

ಈ ದೃಶ್ಯಗಳಲ್ಲಿ ಜೋಸೆಫ್ ರಟನ್‌ಬರ್ಗ್ ಅವರ ಕಪ್ಪುಬಿಳುಪು ಛಾಯಾಗ್ರಹಣವು ಒಂದು ಮುಖ್ಯ ನಿರ್ಧಾರವನ್ನು ಪಾಲಿಸುತ್ತದೆ. ದೀಪವು ಪ್ರೇಕ್ಷಕರ ಕಣ್ಣೆದುರೇ ಮಂಕಾಗುತ್ತದೆ. ಜ್ವಾಲೆ ಇಳಿಯುತ್ತದೆ, ಕೋಣೆಯ ನೆರಳು ಏರುತ್ತದೆ, ಬರ್ಗ್‌ಮನ್ನರ ಮುಖದ ಮೇಲಿನ ಬೆಳಕು ಕಡಿಮೆಯಾಗುತ್ತದೆ. ಚಿತ್ರಿಕೆಯನ್ನು ಮಸುಕಾಗಿಸಿ ಅಥವಾ ವಕ್ರವಾಗಿಸಿ, ಇದು ಆಕೆಯ ಮನಸ್ಸಿನ ಚಿತ್ರವಿರಬಹುದು ಎಂದು ಸೂಚಿಸುವ ತಂತ್ರ ಇಲ್ಲಿಲ್ಲ. ಹೆಜ್ಜೆಯ ಸದ್ದೂ ಧ್ವನಿಪಥದಲ್ಲಿ ಎಲ್ಲರಿಗೂ ಕೇಳುವಂತೆಯೇ ಇದೆ. ಆಕೆ ತಲೆಯೆತ್ತಿ ಛಾವಣಿಯನ್ನು ನೋಡುವಾಗ ಅಲ್ಲಿ ಸದ್ದಾಯಿತೆಂದು ನಾವೂ ಬಲ್ಲೆವು.

ಇದರ ಮಹತ್ವವನ್ನು ಬರವಣಿಗೆಯೊಡನೆ ಹೋಲಿಸಿ ತಿಳಿಯಬಹುದು. ಕಾದಂಬರಿಕಾರನು ‘ದೀಪ ಮಂಕಾಯಿತು’ ಎಂದು ಬರೆಯಬೇಕು, ಇಲ್ಲವೆ ‘ದೀಪ ಮಂಕಾದಂತೆ ಆಕೆಗೆ ತೋರಿತು’ ಎಂದು ಬರೆಯಬೇಕು. ಮೊದಲನೆಯದರ ಹೊಣೆ ನಿರೂಪಕನದು, ಎರಡನೆಯದರ ಹೊಣೆ ಪಾತ್ರದ್ದು. ಕ್ಯೂಕರ್ ಮೊದಲನೆಯ ವಾಕ್ಯವನ್ನೇ ಆರಿಸಿಕೊಂಡಿದ್ದಾರೆ. ಕಥೆಯೊಳಗಿನ ಪೌಲಾಳಿಗೆ ಮಾತ್ರ ಎರಡನೆಯ ವಾಕ್ಯವೇ ಉಳಿದಿದೆ. ಈ ಎರಡು ವಾಕ್ಯಗಳ ನಡುವಿನ ಅಂತರವೇ ಆಕೆಯ ಒಂಟಿತನದ ಅಳತೆ. ನಾವು ಆಕೆಯ ಜೊತೆಗೇ ಕಂಡಿದ್ದೇವೆ, ಕೇಳಿದ್ದೇವೆ. ಆದರೆ ತೆರೆಯ ಈಚೆಗಿರುವ ನಮ್ಮ ‘ಹೌದು’ ಆಕೆಯನ್ನು ತಲುಪುವುದಿಲ್ಲ. ಚಿತ್ರವು ಪ್ರೇಕ್ಷಕರನ್ನು ಬಾಯಿಲ್ಲದ ಸಾಕ್ಷಿಯನ್ನಾಗಿ ಮಾಡುತ್ತದೆ. ಆಕೆಯ ಅಸಹಾಯಕತೆಯ ಒಂದು ಪಾಲನ್ನು ನಾವು ಅನುಭವಿಸುವುದು ಈ ಮೂಲಕವೇ.

ಕನ್ನಡದ ವ್ಯಾಕರಣವು ಪೌಲಾಳ ಕುಸಿತದ ಹಂತಗಳನ್ನು ಹೆಸರಿಸಲು ನೆರವಾಗುತ್ತದೆ. ‘ನಾನು ನೋಡಿದೆ’ ಎಂಬಲ್ಲಿ ಪ್ರಥಮಾ ವಿಭಕ್ತಿಯ ಕರ್ತೃವಿದ್ದಾಳೆ. ನೋಡುವುದು ಆಕೆ ಮಾಡಿದ ಕೆಲಸ. ‘ನನಗೆ ಕಂಡಿತು’ ಎಂಬಲ್ಲಿ ಆಕೆ ಸಂಪ್ರದಾನಕ್ಕೆ ಸರಿಯುತ್ತಾಳೆ. ಕಾಣುವುದು ಆಕೆಗೆ ಒದಗಿದ ಅನುಭವ. ಆದರೂ ಕಂಡ ಸಂಗತಿ ಇನ್ನೂ ಹೊರಜಗತ್ತಿನದೇ. ‘ನನಗೆ ಕಂಡಂತಾಯಿತು’ ಎಂಬಲ್ಲಿ ಆ ಸಂಗತಿಯೂ ಕರಗಿ ತೋರಿಕೆ ಮಾತ್ರ ಉಳಿಯುತ್ತದೆ. ಪೌಲಾ ಮದುವೆಯ ಆರಂಭದಲ್ಲಿ ಮೊದಲನೆಯ ವಾಕ್ಯವನ್ನು ಆಡಬಲ್ಲವಳು. ಕ್ಯಾಮೆರಾನ್ ಮನೆಗೆ ಬರುವ ಹೊತ್ತಿಗೆ ಆಕೆ ಮೂರನೆಯದಕ್ಕೆ ಇಳಿದಿರುತ್ತಾಳೆ. ಇಂಗ್ಲಿಷಿನ ಸಂಭಾಷಣೆಯಲ್ಲಿ ಈ ಇಳಿತವು ಹೇಳಿಕೆಗಳು ಪ್ರಶ್ನೆಗಳಾಗುವುದರಲ್ಲಿ, ವಾಕ್ಯಗಳು ಅರ್ಧಕ್ಕೆ ನಿಲ್ಲುವುದರಲ್ಲಿ ಕಾಣಿಸುತ್ತದೆ. ನಮ್ಮಲ್ಲಿ ಅದಕ್ಕೆ ವಿಭಕ್ತಿಯ ಗುರುತೇ ಇದೆ.

5. ಜನರಿರುವ ಮನೆಯಲ್ಲಿ ಒಂಟಿತನ

ಪೌಲಾ ನಿರ್ಜನ ಮನೆಯಲ್ಲಿಲ್ಲ. ಅಡುಗೆಯ ಎಲಿಜಬೆತ್ ಇದ್ದಾಳೆ, ನ್ಯಾನ್ಸಿ ಇದ್ದಾಳೆ, ಚೌಕದಲ್ಲಿ ಕುತೂಹಲದ ನೆರೆಯವಳು ಮಿಸ್ ಥ್ವೇಟ್ಸ್ ಇದ್ದಾಳೆ. ಇವರಲ್ಲಿ ಪ್ರತಿಯೊಬ್ಬರೂ ಸಾಕ್ಷಿಯಾಗಬಹುದಿತ್ತು. ಪ್ರತಿಯೊಬ್ಬರನ್ನೂ ಒಂದೊಂದು ಕಾರಣದಿಂದ ಆ ಸ್ಥಾನದಿಂದ ದೂರವಿಡುವುದು ಚಿತ್ರಕಥೆಯ ಎಚ್ಚರಿಕೆಯ ಕೆಲಸ.

ಎಲಿಜಬೆತ್‌ಗೆ ಕಿವಿ ಮಂದ. ಆದ್ದರಿಂದ ಹೆಜ್ಜೆಯ ಸದ್ದಿಗೆ ಆಕೆ ಸಾಕ್ಷಿಯಾಗಲಾರಳು. ನ್ಯಾನ್ಸಿಯ ಕಿವಿ ಚುರುಕು, ಆದರೆ ಆಕೆಯ ಒಲವು ಯಜಮಾನನ ಕಡೆಗೆ. ಮನೆಯೊಡತಿಯನ್ನು ಆಕೆ ನೋಡುವ ನೋಟದಲ್ಲಿಯೇ ತಾತ್ಸಾರವಿದೆ. ಬೇರೆಲ್ಲಾದರೂ ದೀಪ ಹಚ್ಚಿದ್ದೀರಾ ಎಂಬ ಪೌಲಾಳ ಪ್ರಶ್ನೆಗೆ ಇಲ್ಲವೆಂಬ ಉತ್ತರ ಸಿಗುತ್ತದೆ. ಆ ಉತ್ತರ ನಿಜವೇ, ಆದರೆ ಸೇವಕಿಯ ಪ್ರಾಮಾಣಿಕ ‘ಇಲ್ಲ’ ಕೂಡ ಇಲ್ಲಿ ಗಂಡನ ಸುಳ್ಳಿಗೆ ಬೆಂಬಲವಾಗಿ ಪರಿಣಮಿಸುತ್ತದೆ. ಮಿಸ್ ಥ್ವೇಟ್ಸ್ ಭೇಟಿಗೆ ಬಂದರೆ, ಮನೆಯೊಡತಿಗೆ ಮೈ ಸರಿಯಿಲ್ಲವೆಂದು ಹೇಳಿ ಬಾಗಿಲಿನಿಂದಲೇ ಕಳುಹಿಸಲಾಗುತ್ತದೆ.

ಇಲ್ಲಿ ಬಾಗಿಲಿಗೆ ಬೀಗವಿಲ್ಲ ಎಂಬುದನ್ನು ಗಮನಿಸಬೇಕು. ಒಮ್ಮೆ ಪೌಲಾ ಒಬ್ಬಳೇ ಹೊರಗೆ ಹೋಗಲು ಅಣಿಯಾಗಿ ಬಾಗಿಲವರೆಗೂ ಬರುತ್ತಾಳೆ. ಯಜಮಾನರು ಕೇಳಿದರೆ ಎಲ್ಲಿಗೆ ಹೋಗಿದ್ದೀರೆಂದು ಹೇಳಲಿ ಎಂದು ನ್ಯಾನ್ಸಿ ವಿಚಾರಿಸುತ್ತಾಳೆ. ಪ್ರಶ್ನೆ ಸೌಜನ್ಯದ್ದೇ. ಆದರೆ ಉತ್ತರ ಕೊಡಬೇಕಾದವಳು ತನ್ನ ಯಾವ ಮಾತಿನ ಮೇಲೂ ಭರವಸೆಯಿಲ್ಲದವಳು. ಆಕೆ ಒಳಗೆ ಮರಳುತ್ತಾಳೆ. ಪೀಠೋಪಕರಣ, ಪರದೆ, ಪ್ರತಿಮೆಗಳಿಂದ ಕಿಕ್ಕಿರಿದ ವಿಕ್ಟೋರಿಯಾ ಕಾಲದ ಒಳಾಂಗಣ, ಮೇಲಕ್ಕೆ ಹೋಗುವ ಮೆಟ್ಟಿಲು ಇವೆಲ್ಲ ಸೇರಿ ಆಕೆಯನ್ನು ಮತ್ತೆ ಒಳಸೆಳೆದುಕೊಳ್ಳುತ್ತವೆ.

ಸಂಗೀತ ಕೂಟದ ದೃಶ್ಯದಲ್ಲಿ ಇದೇ ಒಂಟಿತನ ನೂರಾರು ಜನರ ನಡುವೆ ಸಂಭವಿಸುತ್ತದೆ. ಪಿಯಾನೊ ವಾದನ ಮುಂದುವರಿಯುತ್ತಿರುವಾಗಲೇ ಗ್ರೆಗರಿಯು ತನ್ನ ಗಡಿಯಾರ ಕಾಣೆಯಾಗಿದೆಯೆಂದು ಪೌಲಾಳ ಕಿವಿಯಲ್ಲಿ ಪಿಸುನುಡಿಯುತ್ತಾನೆ. ಸಭೆಗೆ ಕೇಳುವುದು ಸಂಗೀತ. ಪಿಸುಮಾತು ಕೇಳುವುದು ಪೌಲಾಳಿಗೆ ಮತ್ತು ನಮಗೆ. ಸಭೆಗೆ ಮೊದಲು ಕೇಳಿಸುವ ಆಕೆಯ ದನಿಯೆಂದರೆ ಅಳು. ಕಾರಣವು ಗುಟ್ಟಾಗಿಯೂ ಪರಿಣಾಮವು ಬಹಿರಂಗವಾಗಿಯೂ ಉಳಿಯುವಂತೆ ಧ್ವನಿಯ ಎರಡು ಸ್ತರಗಳನ್ನು ಜೋಡಿಸಿರುವುದರಿಂದ, ಈಕೆಗೆ ಬುದ್ಧಿಭ್ರಮಣೆ ಎಂಬ ಗಂಡನ ಕಥೆಗೆ ಊರಿನ ಗಣ್ಯರೆಲ್ಲ ಸಾಕ್ಷಿಗಳಾಗಿಬಿಡುತ್ತಾರೆ. ಪೌಲಾ ಸಾಕ್ಷಿಯನ್ನು ಕಳೆದುಕೊಂಡಷ್ಟೂ ಗ್ರೆಗರಿಗೆ ಸಾಕ್ಷಿಗಳು ಹೆಚ್ಚುತ್ತಾರೆ.

6. ಎರಡನೆಯ ಸಾಕ್ಷಿ

ಒಂಟಿತನ ಕೊನೆಗೊಳ್ಳುವ ಕ್ಷಣವೂ ಬೆಳಕಿನದೇ. ಕ್ಯಾಮೆರಾನ್ ಬಾಲ್ಯದಲ್ಲಿ ಆಲಿಸಳನ್ನು ಮೆಚ್ಚಿಕೊಂಡಿದ್ದವನು. ಆಕೆ ಅವನಿಗೆ ಕೊಟ್ಟಿದ್ದ ಕೈಗವಸಿನ ಜೋಡಿ ಪೌಲಾಳ ಮನೆಯಲ್ಲಿದೆ. ಆ ಕೈಗವಸನ್ನು ತೋರಿಸಿ ಅವನು ಪೌಲಾಳ ನಂಬಿಕೆ ಗಳಿಸುತ್ತಾನೆ. ಇಷ್ಟು ಹೊತ್ತೂ ಆಕೆಯ ವಿರುದ್ಧ ನುಡಿದ ವಸ್ತುಗಳ ಸಾಲಿನಲ್ಲಿ ಆಕೆಯ ಪರವಾಗಿ ನಿಂತ ಮೊದಲ ವಸ್ತು ಇದು. ಅವರಿಬ್ಬರೂ ಮಾತನಾಡುತ್ತಿರುವಾಗ ದೀಪ ಕುಗ್ಗುತ್ತದೆ. ಕ್ಯಾಮೆರಾನ್ ಅದನ್ನು ಗಮನಿಸಿ ಮಾತಾಡುತ್ತಾನೆ. ನೀವೂ ಕಂಡಿರಾ ಎಂಬ ಪೌಲಾಳ ಬೆರಗಿನಲ್ಲಿ ಪ್ರೇಮದ ಛಾಯೆಯಿಲ್ಲ. ಪತ್ತೆಯಾದ ಅಪರಾಧದ ಸಮಾಧಾನವೂ ಇನ್ನೂ ಅಲ್ಲಿಲ್ಲ. ಅದು ತನ್ನ ವಾಕ್ಯವು ಮತ್ತೆ ವಾಕ್ಯವಾದುದರ ಬೆರಗು. ‘ನನಗೆ ಕಂಡಂತಾಯಿತು’ ಎಂಬುದು ಆ ಒಂದು ಕ್ಷಣದಲ್ಲಿ ‘ನಾವು ಕಂಡೆವು’ ಎಂದಾಗುತ್ತದೆ.

ಚಿತ್ರವು ಈ ಬಿಡುಗಡೆಯನ್ನು ಅಗ್ಗವಾಗಿಸುವುದಿಲ್ಲ. ಗ್ರೆಗರಿ ಮರಳಿ ಬಂದಾಗ, ಮನೆಗೆ ಬಂದಿದ್ದ ಗಂಡಸಿನ ವಿಷಯ ಕೇಳುತ್ತಾನೆ. ಎಲಿಜಬೆತ್ ಒಡತಿಯನ್ನು ಕಾಪಾಡುವ ಸದುದ್ದೇಶದಿಂದ, ಯಾರೂ ಬಂದಿರಲಿಲ್ಲ ಎಂದುಬಿಡುತ್ತಾಳೆ. ಪೌಲಾ ಕುಸಿಯುತ್ತಾಳೆ. ಹಾಗಾದರೆ ಅದೂ ಕನಸೇ ಎಂಬ ತೀರ್ಮಾನಕ್ಕೆ ತಾನೇ ಬರುತ್ತಾಳೆ. ಚಿತ್ರದಲ್ಲಿ ನಮ್ಮನ್ನು ಅತ್ಯಂತ ಕಾಡುವ ಪ್ರಸಂಗ ಇದು. ಗಂಡನ ನೂರು ಸುಳ್ಳುಗಳು ಮಾಡಿದ ಕೆಲಸವನ್ನು ಹಿತೈಷಿಯ ಒಂದು ಸುಳ್ಳು ಪೂರ್ಣಗೊಳಿಸುತ್ತದೆ. ಹಿಂಸೆಗೆ ಒಳಗಾದ ಹೆಣ್ಣಿನ ಬಂಧುಗಳು ಸಮಾಧಾನಕ್ಕಾಗಿ, ಮರ್ಯಾದೆಗಾಗಿ, ಗಂಡನ ಸಿಟ್ಟಿಗೆ ಹೆದರಿ ‘ಹಾಗೇನೂ ನಡೆದಿಲ್ಲ ಬಿಡು’ ಎನ್ನುವಾಗ ಆಗುವುದೂ ಇದೇ. ಅವರ ಪ್ರೀತಿಯಲ್ಲಿ ಅನುಮಾನವಿಲ್ಲ. ಆದರೆ ಆಕೆಗೆ ಆ ಹೊತ್ತಿನಲ್ಲಿ ಬೇಕಾಗಿದ್ದುದು ಸಾಕ್ಷಿ.

ಕೊನೆಯ ದೃಶ್ಯದಲ್ಲಿ ಕುರ್ಚಿಗೆ ಕಟ್ಟಿಹಾಕಿರುವ ಗ್ರೆಗರಿಯು ಹಗ್ಗ ಕತ್ತರಿಸಲು ಚಾಕು ತರುವಂತೆ ಪೌಲಾಳನ್ನು ಕೇಳುತ್ತಾನೆ. ಆಕೆ ಚಾಕುವನ್ನು ಕೈಯಲ್ಲಿ ಹಿಡಿದೇ, ಇಲ್ಲಿ ಚಾಕುವೇ ಇಲ್ಲ, ನೀನು ಕನಸು ಕಂಡಿರಬೇಕು ಎಂಬರ್ಥದ ಮಾತುಗಳನ್ನಾಡುತ್ತಾಳೆ. ತಾನು ಹುಚ್ಚಿ, ಹುಚ್ಚಿಯಾದವಳು ಹೇಗೆ ನೆರವಾಗಬಲ್ಲಳು ಎಂದು ಕೇಳುತ್ತಾಳೆ. ಅವನ ವಾಕ್ಯಗಳನ್ನೇ ಅವನಿಗೆ ಮರಳಿಸುವ ಈ ಮಾತುಗಳಲ್ಲಿ ಸೇಡಿನ ಜೊತೆಗೆ ಇನ್ನೊಂದು ಕಾರ್ಯವೂ ನಡೆದಿದೆ. ಆ ವಾಕ್ಯಗಳು ಹೇಗೆ ಕೆಲಸ ಮಾಡುತ್ತವೆಂದು ತನಗೀಗ ತಿಳಿದಿದೆ ಎಂದು ಆಕೆ ತೋರಿಸುತ್ತಿದ್ದಾಳೆ. ವಾಕ್ಯದ ಯಂತ್ರವನ್ನು ಬಿಚ್ಚಿ ನೋಡಿದವಳ ಮೇಲೆ ಅದು ಮತ್ತೆ ಕೆಲಸ ಮಾಡಲಾರದು.

ಚಿತ್ರದ ಮಿತಿಯನ್ನೂ ಇಲ್ಲಿಯೇ ಗುರುತಿಸಬೇಕು. ಗ್ರೆಗರಿಯು ಕೊಲೆಗಾರನೂ ರತ್ನಗಳ್ಳನೂ ಆದ್ದರಿಂದ ಅವನ ಕ್ರೌರ್ಯಕ್ಕೆ ದಾಂಪತ್ಯದ ಹೊರಗಿನ ಕಾರಣವೊಂದು ದೊರಕಿಬಿಡುತ್ತದೆ. ಅವನ ಮೇಜಿನಲ್ಲಿ ಸಿಗುವ ಪತ್ರ, ಮಾಳಿಗೆಯಲ್ಲಿ ಹೊಳೆಯುವ ರತ್ನ ಎಲ್ಲವೂ ಪೊಲೀಸರಿಗೆ ಅರ್ಥವಾಗುವ ಪುರಾವೆಗಳು. ನಿಜಜೀವನದ ಬಹುಪಾಲು ಮನೆಗಳಲ್ಲಿ ಮಾಳಿಗೆಯಿಲ್ಲ, ರತ್ನಗಳೂ ಇಲ್ಲ. ಅಧಿಕಾರವನ್ನು ಉಳಿಸಿಕೊಳ್ಳುವುದೊಂದೇ ಅಲ್ಲಿ ಗುರಿಯಾಗಿರಬಹುದು. ಜೊತೆಗೆ, ಆಕೆಯ ಮಾತಿಗೆ ಬೆಲೆ ಬರುವುದು ಅಧಿಕಾರವುಳ್ಳ ಗಂಡಸೊಬ್ಬನು ಅದನ್ನು ದೃಢೀಕರಿಸಿದ ಮೇಲೆಯೇ ಎಂಬ ಸಂಗತಿಯನ್ನು ಚಿತ್ರವು ಪ್ರಶ್ನಿಸುವುದಿಲ್ಲ. ಎಲಿಜಬೆತ್ ಅಥವಾ ಮಿಸ್ ಥ್ವೇಟ್ಸ್ ಆ ಸಾಕ್ಷಿಯಾಗಿದ್ದರೆ ಚಿತ್ರದ ರಾಜಕಾರಣವೇ ಬೇರೆಯಾಗುತ್ತಿತ್ತು.

7. ಕನ್ನಡದ ಮಾತಿನಲ್ಲಿ

ಕನ್ನಡವು ಇಂಗ್ಲಿಷ್ ಕ್ರಿಯಾಪದಗಳನ್ನು ನೇರವಾಗಿ ಧಾತುವಾಗಿ ಸ್ವೀಕರಿಸದೆ ‘ಮಾಡು’, ‘ಆಗು’ಗಳ ಜೊತೆ ಸೇರಿಸಿಕೊಳ್ಳುತ್ತದೆ. ‘ಫೋನ್ ಮಾಡು’, ‘ಶಿಫ್ಟ್ ಆಗು’ ಎಂಬಂತೆಯೇ ‘ಗ್ಯಾಸ್‌ಲೈಟ್ ಮಾಡು’. ಈ ಎರವಲಿನ ಬದಲು ನಮ್ಮ ನುಡಿಗಟ್ಟುಗಳಲ್ಲಿ ಯಾವುದಾದರೂ ಒದಗೀತೇ ಎಂದು ಪರಿಶೀಲಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ‘ಕಣ್ಣಿಗೆ ಮಣ್ಣೆರಚು’, ‘ಮಂಕುಬೂದಿ ಎರಚು’, ‘ಕಿವಿಯ ಮೇಲೆ ಹೂ ಇಡು’ ಇವೆಲ್ಲ ಮೋಸವನ್ನು ಸೂಚಿಸುತ್ತವೆ. ಇವುಗಳಲ್ಲಿ ಮೋಸಹೋದವರು ನಿಜವನ್ನು ಕಾಣದವರು. ಪೌಲಾ ಹಾಗಲ್ಲ, ಆಕೆ ನಿಜವನ್ನು ಕಂಡವಳು. ಕಣ್ಣಿಗೆ ಮಣ್ಣು ಬಿದ್ದಿಲ್ಲ, ಕಣ್ಣಿನ ಮಾತಿಗೆ ಬೆಲೆಯಿಲ್ಲವಾಗಿದೆ. ‘ತಲೆ ಕೆಡಿಸು’ ಎಂಬುದು ಪರಿಣಾಮಕ್ಕೆ ಸಮೀಪವಾದರೂ ಕ್ರಮವನ್ನು ಹೇಳುವುದಿಲ್ಲ. ‘ಮರುಳು’ ಎಂಬ ಪದಕ್ಕೆ ಹುಚ್ಚು, ಭ್ರಮೆ, ಮೋಹ ಎಂಬ ಅರ್ಥಗಳು ಒಟ್ಟಾಗಿಯೇ ಇವೆ. ‘ಮರುಳು ಮಾಡು’ ಒಂದು ಕಾಲಕ್ಕೆ ಒಪ್ಪಬಹುದಿತ್ತು, ಆದರೆ ಇಂದು ಅದರಲ್ಲಿ ಮೋಡಿಯ ಅರ್ಥವೇ ಮುಂದಾಗಿದೆ.

ಪದ ಸಿಗದಿದ್ದರೂ ಆ ಕ್ರಿಯೆಯನ್ನು ನಡೆಸುವ ಸಾಧನ ನಮ್ಮ ವ್ಯಾಕರಣದಲ್ಲಿ ಚೆನ್ನಾಗಿಯೇ ಇದೆ. ‘ಅಂತೆ’ ಪ್ರತ್ಯಯವು ಮಾತಿನ ಹೊಣೆಯನ್ನು ಬೇರ��ಯವರಿಗೆ ವರ್ಗಾಯಿಸುತ್ತದೆ. ‘ಮಳೆ ಬಂತಂತೆ’ ಎಂದಾಗ ಅದು ನಿರಪಾಯಕಾರಿ. ಹೆಂಡತಿ ಎದುರಿಗೇ ಇರುವಾಗ ಗಂಡನು ಬಂದವರೊಡನೆ ‘ಇವಳಿಗೆ ದೀಪ ಮಂಕಾಗುತ್ತದಂತೆ, ಸದ್ದು ಕೇಳಿಸುತ್ತದಂತೆ’ ಎಂದರೆ, ವರದಿಯ ಪ್ರತ್ಯಯವೇ ಲೇವಡಿಯ ಪ್ರತ್ಯಯವಾಗುತ್ತದೆ. ಆಕೆಯ ಪ್ರತ್ಯಕ್ಷವು ಆಕೆಯ ಸಮ್ಮುಖದಲ್ಲಿಯೇ ಗಾಳಿಮಾತಿನ ಮಟ್ಟಕ್ಕೆ ಇಳಿಯುತ್ತದೆ. ‘ನಿನಗೆಲ್ಲೋ ಭ್ರಮೆ’ ಎಂಬ ದಿನನಿತ್ಯದ ವಾಕ್ಯದಲ್ಲಿಯೂ ಸಂಪ್ರದಾನವೇ ಇದೆ.

ಕಂಡದ್ದು ನಿಜವೋ ಕನಸೋ ಎಂದು ತಿಳಿಯದ ಹೆಂಡತಿ ಕನ್ನಡಕ್ಕೆ ಅಪರಿಚಿತಳಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ (1988) ರಾಣಿಯನ್ನು ಗಂಡ ಅಪ್ಪಣ್ಣನು ಹೊರಗಿನಿಂದ ಬೀಗ ಹಾಕಿ ಮನೆಯೊಳಗಿಟ್ಟು ಹೋಗುತ್ತಾನೆ, ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗ ಬರುತ್ತಾನೆ. ರಾತ್ರಿಯ ಒಲವನ್ನು ಹಗಲಿನ ಗಂಡ ಅರಿಯ. ರಾಣಿಗೆ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ. ಟಿ.ಎಸ್. ನಾಗಾಭರಣರ 1997ರ ಚಿತ್ರದಲ್ಲಿ ಒಬ್ಬನೇ ನಟ, ಪ್ರಕಾಶ್ ರಾಜ್, ಎರಡೂ ಪಾತ್ರಗಳನ್ನು ವಹಿಸಿದ್ದರಿಂದ ಆಕೆಯ ಗೊಂದಲ ಪ್ರೇಕ್ಷಕರ ಕಣ್ಣಿಗೂ ನೇರವಾಗಿ ತಟ್ಟುತ್ತದೆ. ರಾಣಿಯ ಮನೆಗೆ ಬೀಗವಿದೆ, ಪೌಲಾಳ ಮನೆಗಿಲ್ಲ. ಆದರೂ ಇಬ್ಬರ ಕೊರತೆಯೂ ಒಂದೇ, ತಾನು ಕಂಡ ಗಂಡನನ್ನು ಕಂಡ ಇನ್ನೊಬ್ಬರು ಇಲ್ಲ. ಬಿಡುಗಡೆಯ ದಾರಿ ಮಾತ್ರ ಬೇರೆ. ರಾಣಿಗೆ ಎರಡನೆಯ ಸಾಕ್ಷಿ ದೊರೆಯುವುದಿಲ್ಲ. ಆಕೆ ಊರ ಪಂಚಾಯಿತಿಯ ಮುಂದೆ ಹಾವನ್ನು ಹಿಡಿದು ತಾನೇ ಪ್ರಮಾಣ ಮಾಡಬೇಕು. ಪೌಲಾಳ ಮಾತನ್ನು ಕಾನೂನಿನ ಪ್ರತಿನಿಧಿ ಎತ್ತಿಹಿಡಿದರೆ, ರಾಣಿಯ ಮಾತನ್ನು ಪವಾಡ ಎತ್ತಿಹಿಡಿಯುತ್ತದೆ. ಹೆಣ್ಣಿನ ಮಾತು ತನ್ನ ಬಲದ ಮೇಲೆಯೇ ನಿಲ್ಲುವ ದಾರಿ ಎರಡು ಕೃತಿಗಳಲ್ಲಿಯೂ ಇಲ್ಲ.

8. ಸಮಾರೋಪ

ಈ ಓದಿನಿಂದ ಪದದ ಬಳಕೆಗೆ ಮೂರು ಲಕ್ಷಣಗಳನ್ನು ಸೂಚಿಸಬಹುದು. ಹೆಣ್ಣು ನಿಜವಾಗಿ ಕಂಡಿರಬೇಕು ಅಥವಾ ಕೇಳಿರಬೇಕು. ಆ ಪ್ರತ್ಯಕ್ಷವನ್ನು ಅಲ್ಲಗಳೆಯುವವನು ಆಕೆ ನೆಚ್ಚಿಕೊಂಡವನೂ ಆಕೆಯ ಲೋಕದ ಬಾಗಿಲನ್ನು ಕಾಯುವವನೂ ಆಗಿರಬೇಕು. ಸಾಕ್ಷಿಯಾಗಬಹುದಾದ ಇತರರನ್ನು ಒಬ್ಬೊಬ್ಬರಾಗಿ ದೂರವಿರಿಸಿರಬೇಕು. ಮೂರನೆಯದು ಇಲ್ಲದ ಕಡೆ ಸುಳ್ಳಿರಬಹುದು, ವಂಚನೆಯಿರಬಹುದು. ಅವಕ್ಕೆ ನಮ್ಮಲ್ಲಿ ಹಳೆಯ ಪದಗಳು ಸಾಕಷ್ಟಿವೆ. ಚಿತ್ರದ ಸೇವಕಿಯರು, ಪಿಸುಮಾತು, ಹಿಂತಿರುಗಿದ ನೆರೆಯವಳು ಇವೆಲ್ಲ ಕಥೆಯ ಅಲಂಕಾರಗಳಲ್ಲ, ಈ ಮೂರನೆಯ ಲಕ್ಷಣದ ನಿರೂಪಣೆಗಳು.

ಈ ಎಚ್ಚರ ಪಾಂಡಿತ್ಯಕ್ಕಾಗಿ ಮಾತ್ರ ಬೇಕಾದುದಲ್ಲ. ಭಾರತದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಮಾತಿನ ಹಾಗೂ ಭಾವನಾತ್ಮಕ ಕಿರುಕುಳವನ್ನೂ ದೌರ್ಜನ್ಯದ ವ್ಯಾಪ್ತಿಗೆ ತಂದಿದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2015ರ ಗಂಭೀರ ಅಪರಾಧ ಕಾಯ್ದೆಯು ಆಪ್ತ ಸಂಬಂಧಗಳಲ್ಲಿನ ನಿಯಂತ್ರಕ ವರ್ತನೆಯನ್ನು ಅಪರಾಧವೆಂದು ಪರಿಗಣಿಸಿದೆ. ಇಂಥ ಕಾನೂನುಗಳ ಬಾಗಿಲಿಗೆ ಬರುವ ಹೆಣ್ಣು ಹೊತ್ತು ತರುವುದು ಗಾಯದ ಗುರುತನ್ನಲ್ಲ, ತನ್ನ ಮಾತನ್ನು. ಆ ಮಾತು ‘ನನಗೆ ಹಾಗನ್ನಿಸಿತು, ಸರಿಯಾಗಿ ನೆನಪಿಲ್ಲ’ ಎಂಬ ರೂಪದಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಕೇಳುವವರು ಆ ಅನಿಶ್ಚಿತತೆಯನ್ನು ಹೇಳಿಕೆಯ ದೌರ್ಬಲ್ಯವೆಂದು ತಿಳಿಯಬಹುದು. ಅದು ಆಕೆಗೆ ಆದ ಹಾನಿಯ ಗುರುತೇ ಆಗಿರಬಹುದೆಂದೂ ತಿಳಿಯಬಹುದು. ಮಂಕಾದ ದೀಪವನ್ನು ನಮ್ಮ ಕಣ್ಣೆದುರು ಇಟ್ಟು ಕ್ಯೂಕರ್‌ನ ಚಿತ್ರವು ಕಲಿಸುವುದು ಈ ಎರಡನೆಯ ಬಗೆಯ ಕೇಳುವಿಕೆಯನ್ನು. ಕನ್ನಡದಲ್ಲಿ ಈ ಪದವನ್ನು ಎರವಲಾಗಿಯೇ ಉಳಿಸಿಕೊಂಡರೂ ಬಾಧಕವಿಲ್ಲ. ಅದರೊಂದಿಗೆ ಆ ಕೇಳುವಿಕೆಯನ್ನೂ ಎರವಲು ಪಡೆಯಬೇಕು.